ಎರಡು ಗುಂಡಿ ಒತ್ತಿದರೆ ಮುಗಿಯುವ ಕೆಲಸ

ಶಾರ್ಟ್‌ಕಟ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ಸಾವಕಾರರ ಅಳಿಯನ ಬಾಯಿಂದ. ಇಷ್ಟು ಕಡಿಮೆ ತಿಳಿದುಕೊಂಡು ಇಷ್ಟು ಬೀಗುವ ಮನುಷ್ಯನನ್ನು ಅದಕ್ಕೂ ಮುಂಚೆ ನಾನು ನೋಡಿರಲಿಲ್ಲ. ಆಮೇಲೆ ಬೇಕಾದಷ್ಟು ಜನರನ್ನು ನೋಡಿದೆ. ಕೆಲವು ದಿನ ಕನ್ನಡಿಯಲ್ಲಿಯೂ ನೋಡಿದೆ.

ಸಾವಕಾರರದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಕ್ಯಾಸೆಟ್ಟಿನ ಅಂಗಡಿ. ಅದರ ಮೇಲೆ ಎರಡು ಕೋಣೆಯ ಸ್ಟುಡಿಯೊ. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಗೋಡೆಗೆಲ್ಲ ಹಳೆಯ ಕೌದಿ ಹೊಡೆದಿದ್ದೆವು. ಆದರೂ ಕೆಳಗೆ ಬಳೆ ಮಾರುವವನ ಕೂಗು ಅದೆಷ್ಟೋ ಭಜನೆಗಳಲ್ಲಿ ಸೇರಿಕೊಂಡಿದೆ. ತೊಂಬತ್ತರ ದಶಕದುದ್ದಕ್ಕೂ ನಾನು ಗೋಪನಕೊಪ್ಪದಿಂದ ಸೈಕಲ್ ತುಳಿದುಕೊಂಡು ಹೋಗಿ ಅಲ್ಲಿ ಟೇಪ್ ಯಂತ್ರ ನಡೆಸಿದೆ. ಭಜನೆ, ಲಾವಣಿ, ಮದುವೆ ಹಾಡು, ಚುನಾವಣೆ ಬಂದರೆ ಉಮೇದುವಾರರ ಗುಣಗಾನ. ಹಾಡುವವರು, ಹಾರ್ಮೋನಿಯಂ ಪೇಟಿಯವರು, ತಬಲಾದವರು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಪಟ್ಟಿಗೆ ಮುಗಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಹಳೆಯದೆಲ್ಲ ಬಂಗಾರ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾವು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಕಸ. ಆ ಕಸದಲ್ಲಿಯೂ ಶುದ್ಧವಾಗಿರುತ್ತಿದ್ದದ್ದು ತಬಲಾ ಒಂದೇ.

ತಬಲಾ ನುಡಿಸುತ್ತಿದ್ದವರು ಧಾರವಾಡದ ಒಬ್ಬ ನಿವೃತ್ತ ಸಂಗೀತ ಶಿಕ್ಷಕರು. ನಾವೆಲ್ಲ ಅವರನ್ನು ಮಾಸ್ತರರು ಎನ್ನುತ್ತಿದ್ದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ, ದಪ್ಪ ಗಾಜಿನ ಕನ್ನಡಕ. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ತಬಲಾವನ್ನು ನೆಲಕ್ಕಿಡದೆ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಹೊಗಳಿದರೆ ಮುಖ ಗಂಟಿಕ್ಕುತ್ತಿದ್ದರು. ಗಾಯಕರು ಲಯ ಬಿಟ್ಟರೆ ಕೈ ಎತ್ತಿ, "ನಾ ಇಲ್ಲೇ ಕಾಯ್ತೇನಿ, ನೀವು ತಿರಗ್ಯಾಡಿ ಬರ್ರಿ" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾವಕಾರರು ಮಗಳ ಮದುವೆ ಮಾಡಿದರು. ಅಳಿಯ ಪುಣೆಯಲ್ಲಿ ಆರು ತಿಂಗಳು ಸೌಂಡಿನ ಕೋರ್ಸು ಮುಗಿಸಿ ಬಂದವನು. ಬರುವಾಗ ಒಂದು ಕಂಪ್ಯೂಟರ್, ಯಾರದೋ ಹತ್ತಿರ ನಕಲು ಮಾಡಿಕೊಂಡ ಸಾಫ್ಟ್‌ವೇರಿನ ಸಿ.ಡಿ. ಮತ್ತು ಗೋಡೆಯಷ್ಟು ದೊಡ್ಡದೊಂದು ಪಟ್ಟಿ ತಂದ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದು ಆ ಪಟ್ಟಿಯಲ್ಲಿತ್ತು. ನನ್ನ ಟೇಪ್ ಯಂತ್ರವನ್ನು ಮೂಲೆಗೆ ಸರಿಸಿ, ಅದರ ಮೇಲೆ ತನ್ನ ಹೆಲ್ಮೆಟ್ ಇಟ್ಟ. ಕೀಬೋರ್ಡಿನ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿದ.

"ಕೆಂಪು ಅಂದ್ರ ಕತ್ತರಸೂದು, ಹಸರ ಅಂದ್ರ ಅಂಟಸೂದು, ಹಳದಿ ಅಂದ್ರ ತಪ್ಪಾದ್ರ ಹಿಂದ ಬರೂದು," ಎಂದು ನನಗೆ ಪಾಠ ಹೇಳಿದ. "ಒಂದು ನೆಂಪಿಟ್ಕೋರಿ. ಮೌಸ್ ಹಿಡಿಯಾಂವ ಕೂಲಿ, ಕೀಬೋರ್ಡ್ ಹಿಡಿಯಾಂವ ಎಂಜಿನಿಯರ್."

ಸಾವಕಾರರು ಮೆಟ್ಟಿಲ ಹತ್ತಿರ ನಿಂತು ಹೆಮ್ಮೆಯಿಂದ ನೋಡುತ್ತಿದ್ದರು. ಅಳಿಯ ಅವರ ಕಡೆ ತಿರುಗಿ, "ಎಲ್ಲಾ ಎರಡು ಗುಂಡಿ ಒತ್ತಿದ್ರ ಮುಗೀತೈತ್ರಿ, ಮಾವಾರ" ಎಂದ.

ಅವನಿಗೆ ಪೇಟಿಯ ಸ್ವರ ಯಾವುದು, ಹಾಡುವವರ ಸ್ವರ ಯಾವುದು ಎಂದು ಗುರುತಿಸಲು ಬರುತ್ತಿರಲಿಲ್ಲ. ಪರದೆಯ ಮೇಲೆ ಗೆರೆ ನೋಡಿ, "ಇಲ್ಲೆ ಸ್ವಲ್ಪ ಮ್ಯಾಲ ಹೋಗೇದ" ಎನ್ನುತ್ತಿದ್ದ. ಕಿವಿಯಿಂದ ಕೇಳುವ ಕೆಲಸವನ್ನು ಕಣ್ಣಿಗೆ ವಹಿಸಿ ಆರಾಮವಾಗಿದ್ದ ಮನುಷ್ಯ. ಆದರೆ ನಾನೇನು ಕಡಿಮೆಯಿರಲಿಲ್ಲ. ವಾರದೊಳಗೆ ಅವನ ಪಟ್ಟಿಯನ್ನು ಬಾಯಿಪಾಠ ಮಾಡಿದೆ. ಹಿಂದೆ ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸಲು ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಈಗ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತಿತ್ತು. ಆ ರುಚಿ ಹತ್ತಿದವನಿಗೆ ನಾಚಿಕೆ ಬೇಗ ಬರುವುದಿಲ್ಲ.

ಒಂದು ಮಧ್ಯಾಹ್ನ ಅಳಿಯ ಮಾಸ್ತರರನ್ನು ಕರೆಸಿದ. ಹಾಡುವವರು ಯಾರೂ ಬಂದಿರಲಿಲ್ಲ.

"ಮೈಕ್ ಪರೀಕ್ಷಾ ಮಾಡಬೇಕಾಗೇತ್ರಿ, ಮಾಸ್ತರ್ರ. ಭಜನಿ ಠೇಕಾ, ದಾದರಾ, ಎಲ್ಲಾ ಸ್ವಲ್ಪ ಸ್ವಲ್ಪ ನುಡಸ್ರಿ. ನಿಧಾನ, ನಡುವಿಂದು, ಜೋರು, ಮೂರೂ ಲಯದಾಗ."

ಮಾಸ್ತರರು ಒಂದು ತಾಸು ನುಡಿಸಿದರು. ಚಹಾ ಕುಡಿದು ಬಸ್ಸು ಹತ್ತಿದರು. ಮರುದಿನ ಅಳಿಯ ಹೇಳಿದಂತೆ ನಾನೇ ಅದನ್ನು ತಾಳದ ನಾಲ್ಕು ನಾಲ್ಕು ಆವರ್ತನಗಳ ತುಂಡು ಮಾಡಿದೆ. ಒಂದೇ ತುಂಡನ್ನು ಮತ್ತೆ ಮತ್ತೆ ಅಂಟಿಸುತ್ತ ಹೋದರೆ ಹಾಡು ಎಷ್ಟು ಉದ್ದವಿದ್ದರೂ ತಬಲಾ ಸಿದ್ಧ. ಆಮೇಲೆ ಒಂದು ವರ್ಷ ಮಾಸ್ತರರಿಗೆ ನಮ್ಮಿಂದ ಕರೆ ಹೋಗಲಿಲ್ಲ. ಆ ಒಂದು ವರ್ಷದಲ್ಲಿ ಅವರು ನಮ್ಮ ಪ್ರತಿಯೊಂದು ಕ್ಯಾಸೆಟ್ಟಿಗೂ ನುಡಿಸಿದರು.

ಅವರು ತಾವಾಗಿ ಬಂದದ್ದು ಒಂದು ಬೆಳಿಗ್ಗೆ. ಅಳಿಯ ಹನ್ನೆರಡಕ್ಕೆ ಮುಂಚೆ ಎಂದೂ ಬರುತ್ತಿರಲಿಲ್ಲ, ನಾನೊಬ್ಬನೇ ಇದ್ದೆ. ಅವರ ಕೈಯಲ್ಲಿ ತಬಲಾ ಇರಲಿಲ್ಲ.

"ಬಸ್‌ಸ್ಟ್ಯಾಂಡ್ ಬಾಜೂಕ ಚಹಾ ಕುಡೀಲಿಕ್ಕೆ ಕೂತಿದ್ದೆ," ಎಂದರು. "ನಿಮ್ಮ ಕ್ಯಾಸೆಟ್ ಹಾಕಿದ್ರು. ತಬಲಾ ನಂದು."

"ಹೌದ್ರಿ."

"ನಾ ಆ ಹಾಡಿಗೆ ನುಡಸಿಲ್ಲ."

"ಇಲ್ರಿ."

"ಕ್ಯಾಸೆಟ್ಟಿಂದು ಒಂದು ಬಾಜೂ ಪೂರ್ತಿ ಕೇಳಿದೆ. ಎಲ್ಲಾ ಹಾಡಿನಾಗೂ ಅವ ನಾಲ್ಕು ಆವರ್ತನ. ನಾಲ್ಕನೇದರಾಗ ತಿರಕಿಟ ಬಂದಾಗ ಒಂದು ಬೆರಳು ತಡಾ ಬೀಳ್ತದ. ಎಲ್ಲಾ ಕಡೆ ಅಷ್ಟ ತಡಾ, ಅಲ್ಲೇ ತಡಾ." ಅವರ ದನಿ ಏರಲಿಲ್ಲ. "ನಾ ತಪ್ಪತೇನಿ ತಮ್ಮಾ. ಆದ್ರ ಒಂದ ತಪ್ಪು ಇದ್ದಂಗ ಎರಡನೇ ಸಲ ಎಂದೂ ಮಾಡಿಲ್ಲ."

ಕುರ್ಚಿಯ ಮೇಲೆ ಕೂತಿರಲು ನನಗೆ ಆಗಲಿಲ್ಲ. ಎದ್ದು ನಿಂತು, "ಕತ್ತರಿಸಿದಾಂವ ನಾನ ರೀ" ಎಂದೆ.

"ಗೊತ್ತದ. ನಿಮ್ಮ ಸಾವಕಾರರ ಅಳಿಯಾಗ ಇಷ್ಟು ನೆಟ್ಟಗ ಕತ್ತರಸಲಿಕ್ಕೆ ಎಲ್ಲಿ ಬರ್ತದ?"

ಅದು ಹೊಗಳಿಕೆಯೋ ಬೈಗುಳವೋ ಎಂದು ನಾನು ಅವರನ್ನು ಎಂದೂ ಕೇಳಲಿಲ್ಲ. ಅವರು ಬಲಗೈಯನ್ನು ಮೇಜಿನ ಮೇಲೆ ಚಾಚಿ, ಉಂಗುರದ ಬೆರಳನ್ನು ಎತ್ತಲು ನೋಡಿದರು. ಅದು ಉಳಿದ ಬೆರಳುಗಳಿಗಿಂತ ಒಂದು ಗಳಿಗೆ ತಡವಾಗಿ ಎದ್ದಿತು.

"ಇದು ಹೋಗ್ಲಿಕ್ಕತ್ತದ. ನುಡಸೂ ಮುಂದ ನನಗ ತಿಳೀತಿದ್ದಿಲ್ಲ, ಕೈ ಹೆಂಗೋ ಸಂಭಾಳಿಸಿಕೊಂಡು ಹೋಗ್ತಿತ್ತು. ನಿಮ್ಮ ಪೆಟಗಿ ಅದನ್ನ ಮತ್ತ ಮತ್ತ ಕೇಳಿಸಿದ ಮ್ಯಾಲ ತಿಳೀತು. ಇನ್ನೊಂದೆರಡು ವರ್ಷ ನಡೀಬಹುದು. ಅದಕ್ಕ ನನಗ ಇದನ್ನ ಕಲಿಸು."

"ಏನ್ರಿ?"

"ಈ ಪೆಟಗಿ," ಎಂದು ಕಂಪ್ಯೂಟರಿನ ಕಡೆ ಕೈ ಮಾಡಿದರು.

ಅರವತ್ತು ದಾಟಿದ ಹಿರಿಯರು, ನಾನು ಅವರಿಗೆ ಮಾಡಿದ್ದನ್ನು ತಿಳಿದ ಮೇಲೂ, ನನ್ನ ಎದುರು ವಿದ್ಯಾರ್ಥಿಯ ಹಾಗೆ ಕೂತರು. ನನಗೆ ನನ್ನ ಬಗ್ಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನದಿಂದ ಅವರು ದಿನಾಲೂ ಬೆಳಿಗ್ಗೆ ಒಂಬತ್ತಕ್ಕೆ ಬರತೊಡಗಿದರು. ಅಳಿಯನ ಚೀಟಿಗಳ ಬಣ್ಣ ಅವರ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಗುಂಡಿಗಳ ಮೇಲಿನ ಅಕ್ಷರ ಅಂತೂ ಕಾಣುತ್ತಲೇ ಇರಲಿಲ್ಲ. ಎರಡು ದಿನ ತಡಕಾಡಿ ಮೂರನೆಯ ದಿನ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಎರಡೂ ಕೈಗಳನ್ನು ಅದರ ಮೇಲೆ ಇಟ್ಟು, ಕಣ್ಣು ಮುಚ್ಚಿದರು.

"ಹಾಡು ಶುರು ಮಾಡೂದು, ನಿಲ್ಲಸೂದು ಯಾವುದು?"

"ಕೆಳಗಿನ ಉದ್ದಂದು ರೀ."

"ಅದು ಧಾ. ಹೆಬ್ಬೆರಳಿಗೆ. ಕತ್ತರಸೂದು?"

ನಾನು ಅವರ ಬೆರಳನ್ನು ಹಿಡಿದು ತೋರಿಸಿದೆ. "ಇದು ತಿ," ಎಂದರು. ಅಂಟಿಸುವುದು ಟ ಆಯಿತು, ಹಿಂದಕ್ಕೆ ಬರುವುದು ನಾ ಆಯಿತು, ಉಳಿಸುವುದು ಧಿನ್ ಆಯಿತು. ಹೀಗೆ ಹನ್ನೆರಡು ಗುಂಡಿಗಳಿಗೆ ತಬಲಾದ ಹನ್ನೆರಡು ಬೋಲುಗಳ ಹೆಸರು ಇಟ್ಟರು. ಮನೆಗೆ ಹೋಗಿ ಅವನ್ನೆಲ್ಲ ಸೇರಿಸಿ, ತಬಲಾ ಅಭ್ಯಾಸಕ್ಕೆ ಕಟ್ಟುವಂತೆ, ಒಂದು ಕಾಯದಾ ಕಟ್ಟಿಕೊಂಡು ಬಂದರು. ಬಾಯಲ್ಲಿ ಬೋಲು ಹೇಳುತ್ತ ಬೆರಳಾಡಿಸಿದರೆ ಹಾಡು ತಾನಾಗಿ ತುಂಡಾಗಿ, ಸರಿದು, ಕೂಡಿಕೊಂಡು, ಉಳಿಯುತ್ತಿತ್ತು. ಉಂಗುರದ ಬೆರಳಿಗೆ ಮಾತ್ರ ಅವರು ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಅಳಿಯ ಗೋಡೆಯ ಪಟ್ಟಿಯನ್ನು ಒಮ್ಮೆ ತಿರುಗಿ ನೋಡುವಷ್ಟರಲ್ಲಿ ಇವರು ಒಂದು ಚರಣ ಮುಗಿಸಿರುತ್ತಿದ್ದರು.

ಶಾರ್ಟ್‌ಕಟ್ಟಿನ ಜೊತೆಗೆ ಅವರು ಬೇರೆ ಕೆಲವು ಪದ್ಧತಿಗಳನ್ನೂ ತಂದರು. ನಾನು ಪ್ರತಿ ಹಾಡಿಗೂ ಹೊಸದಾಗಿ ಪೇಟಿಗೊಂದು, ತಬಲಾಕ್ಕೊಂದು, ದನಿಗೊಂದು ಸಾಲು ತೆರೆಯುವುದನ್ನು ನೋಡಿ, "ಅಡಿಗಿ ಮಾಡೂ ಮುಂದ ದಿನಾ ಒಲಿ ಕಟ್ಟತಾರೇನು?" ಎಂದರು. ಎಲ್ಲ ಸಾಲುಗಳಿಗೂ ಹೆಸರು ಬರೆದ ಒಂದು ಖಾಲಿ ಹಾಡನ್ನು ಮಾಡಿ ಇಟ್ಟುಕೊಂಡೆವು. ಅದನ್ನು ತೆರೆದರೆ ಸಾಕು, ರೆಕಾರ್ಡಿಂಗ್ ಶುರು ಮಾಡಬಹುದಿತ್ತು. ಕತ್ತರಿಯನ್ನು ಪೆಟ್ಟಿನ ಮೇಲೆ ಹಾಕಬಾರದು, ಪೆಟ್ಟಿಗೆ ಮುಂಚಿನ ಉಸಿರಿನಲ್ಲಿ ಹಾಕಬೇಕು ಎಂದು ಕಲಿಸಿದರು. ಅದರಿಂದ ಜೋಡಣೆಯಲ್ಲಿ ಟಿಕ್ ಎನ್ನುವ ಸದ್ದು ನಿಂತುಹೋಯಿತು. ಕಡೆಗೊಮ್ಮೆ ಹಾಡು ಕೇಳುವಾಗ ಪರದೆಯನ್ನು ಆರಿಸುತ್ತಿದ್ದರು. "ಗೆರಿ ನೋಡಿದ್ರ ಎಲ್ಲಾ ಛಲೋನ ಕಾಣ್ತದ," ಎನ್ನುತ್ತಿದ್ದರು. ದಿನದ ಕೆಲಸ ಮುಗಿದ ಮೇಲೆ ಅಂದಿನದನ್ನೆಲ್ಲ ಹೊಸ ಹೆಸರಿನಲ್ಲಿ ಒಂದು ಸಿ.ಡಿ.ಗೆ ಇಳಿಸಿ, ಅದರ ಮೇಲೆ ತಾರೀಖು, ಹಾಡಿನ ಮೊದಲ ಸಾಲು, ಹಾಡಿದವರ ಹೆಸರು ದುಂಡಗೆ ಬರೆಯಬೇಕು. ಹಳೆಯ ಹೆಸರಿನ ಮೇಲೆ ಎಂದೂ ಉಳಿಸಬಾರದು.

ತಿಂಗಳಾದ ಮೇಲೆ ಅಳಿಯನಿಗೆ ವಿಷಯ ಗೊತ್ತಾಯಿತು. ಸಿ.ಡಿ.ಗಳ ಸಾಲು ನೋಡಿ ನಕ್ಕ. "ಇದೇನ್ರಿ ಮಾಸ್ತರ್ರ, ಸಾಲಿ ಹಾಜರಿ ಪುಸ್ತಕ ಮಾಡೀರಿ?" ಎಂದ. ಅವನ ಫೈಲುಗಳ ಹೆಸರು ಫೈನಲ್, ಫೈನಲ್ ಒಂದು, ಫೈನಲ್ ಖರೇ, ಫೈನಲ್ ಖರೇ ಹೊಸದು ಎಂದು ಇರುತ್ತಿದ್ದವು. ಮಾಸ್ತರರು ಅಂದಿನ ಸಿ.ಡಿ.ಯ ಮೇಲೆ ತಾರೀಖು ಬರೆದರು. ಕೆಲಸ ಬೇಗ ಆಗುತ್ತಿದೆ ಎಂದು ಸಾವಕಾರರು ಅಡ್ಡ ಬರಲಿಲ್ಲ.

ಆಗ ಬಂದವರು ಗಬ್ಬೂರಿನ ಕಡೆಯ ಒಬ್ಬ ಗುತ್ತಿಗೆದಾರರು. ಬೈಪಾಸ್ ಹತ್ತಿರ ಗೋದಾಮು ಕಟ್ಟಿಸುವ ದಪ್ಪ ಆಸಾಮಿ. ಮಗಳ ಮದುವೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ತಮ್ಮ ದನಿಯ ಎಂಟು ಭಕ್ತಿಗೀತೆಗಳ ಕ್ಯಾಸೆಟ್ ಕೊಡಬೇಕೆಂದು ಅವರಿಗೆ ಮನಸ್ಸಾಗಿತ್ತು. ಹಾಡು ಹಾಡಿದರು. ನಾನು ಬಹಳ ಕೆಟ್ಟ ಗಾಯಕರನ್ನು ನೋಡಿದವನು, ಆದರೂ ಹೆಡ್‌ಫೋನ್ ತೆಗೆದಿಟ್ಟೆ. ತಾಳ ಒಂದು ಕಡೆ, ಅವರು ಒಂದು ಕಡೆ, ಶ್ರುತಿ ಊರಾಚೆ. ಅಳಿಯ ಮಾತ್ರ ತಲೆದೂಗುತ್ತಿದ್ದ.

"ನೀವು ಹಾಡಿ ಹೋಗ್ರಿ, ಕಾಕಾರ. ಉಳಿದದ್ದು ನಾ ನೋಡ್ಕೋತೇನಿ."

ಹದಿನೈದು ದಿನ ಅಳಿಯ ಅವರ ದನಿಯನ್ನು ತಿದ್ದಿದ. ಸ್ವರ ಎಳೆದು ಗೆರೆಗೆ ಕೂಡಿಸಿದ, ಅಕ್ಷರ ಅಕ್ಷರ ಕತ್ತರಿಸಿ ತಾಳಕ್ಕೆ ಜೋಡಿಸಿದ, ಒಂದೇ ಪಲ್ಲವಿಯನ್ನು ಎಲ್ಲ ಕಡೆ ಅಂಟಿಸಿದ. ಉಳಿದದ್ದು ಮನುಷ್ಯನ ದನಿಯಾಗಿರಲಿಲ್ಲ, ಡಬ್ಬಿಯೊಳಗೆ ಜೀರುಂಡೆ ಹಾಡಿದಂತಿತ್ತು. ಕೇಳಿದ ಸಾವಕಾರರು, "ಏನ್ ಛಲೋ ಆಗೇತಿ" ಎಂದರು.

ಮದುವೆಗೆ ಹತ್ತು ದಿನ ಇದ್ದಾಗ ಗುತ್ತಿಗೆದಾರರು ಕೇಳಲು ಬಂದರು. ಜೊತೆಗೆ ಬೀಗರು, ತಮ್ಮಂದಿರು, ಊರಿನ ಹಿರಿಯರು, ಕೋಣೆಯ ತುಂಬ ಜನ. ಮಾಸ್ತರರು ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಇಷ್ಟು ಜನ ನೋಡುವವರು ಸಿಕ್ಕಿದ ಮೇಲೆ ಅಳಿಯನ ಕೈ ಸುಮ್ಮನಿರಲಿಲ್ಲ. ಮೊದಲ ಹಾಡು ಕೇಳಿಸಿದ. ಎಲ್ಲರೂ ವಾಹ್ ಎಂದರು. "ಈಗ ನೋಡ್ರಿ, ಬೇಡಾದ ಕಸಾ ಎಲ್ಲಾ ಎರಡು ಗುಂಡಿಗೆ ಹೆಂಗ ಹೋಗ್ತೈತಿ," ಎಂದು ಅವರಿಗೆ ತೋರಿಸಲು ಎರಡು ಗುಂಡಿ ಒತ್ತಿದ. ಪರದೆಯ ಮೇಲೆ ಪ್ರಶ್ನೆಯೊಂದು ಬಂತು. ಓದದೆ ಮತ್ತೊಂದು ಗುಂಡಿ ಒತ್ತಿದ.

ಅದು ಏನೆಂದು ನನಗೆ ಗೊತ್ತಿತ್ತು. ತೆರೆದಿರುವ ಹಾಡಿಗೆ ಬೇಕಾಗದ ದನಿಗಳನ್ನೆಲ್ಲ ಫೋಲ್ಡರಿನಿಂದ ಅಳಿಸುವ ಆಜ್ಞೆ ಅದು. ಎಂಟೂ ಹಾಡುಗಳನ್ನು ಅವನು ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದ. ಮೊದಲ ಹಾಡಿಗೆ ಬೇಕಾಗದ ದನಿಗಳೆಂದರೆ ಉಳಿದ ಏಳು ಹಾಡುಗಳು.

ಎರಡನೆಯ ಹಾಡು ತೆರೆದ. ಸಾಲುಗಳಿದ್ದವು, ಸಾಲುಗಳಲ್ಲಿ ಏನೂ ಇರಲಿಲ್ಲ. ಮೂರನೆಯದೂ ಹಾಗೇ. ಹಳದಿ ಚೀಟಿಯ ಗುಂಡಿಯನ್ನು ಕುಟ್ಟಿ ಕುಟ್ಟಿ ನೋಡಿದ.

"ವೈರಸ್ ಬಂದೈತ್ರಿ, ಕಾಕಾರ," ಎಂದ.

ಮಾಸ್ತರರು ಎದ್ದು, ಸಿ.ಡಿ.ಗಳ ಸಾಲಿನಿಂದ ಎರಡನ್ನು ತೆಗೆದು, ಮೇಲೆ ಬರೆದದ್ದನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ನನ್ನ ಕೈಗೆ ಕೊಟ್ಟರು. ಅಳಿಯ ತಿದ್ದುವುದಕ್ಕೆ ಮುಂಚೆ, ಹಾಡಿದ ದಿನವೇ ನಾವು ಇಳಿಸಿಟ್ಟುಕೊಂಡದ್ದು. ನಾನು ಒಂದನ್ನು ಹಾಕಿದೆ. ತಿದ್ದದ ಗುತ್ತಿಗೆದಾರರು ಕೋಣೆಯ ತುಂಬ ಹಾಡತೊಡಗಿದರು.

ಒಂದು ಚರಣ ಮುಗಿಯುವವರೆಗೆ ಅವರು ನೆಲ ನೋಡುತ್ತ ಕೂತಿದ್ದರು. ತಮ್ಮ ದನಿಯನ್ನು ಅವರು ಹೀಗೆ ಕೇಳಿದ್ದು ಅದೇ ಮೊದಲು. ಬೀಗರೊಬ್ಬರು ಕೆಮ್ಮಿದರು.

"ಇದು ಯಾರ ದನಿ?" ಎಂದು ಗುತ್ತಿಗೆದಾರರು ಕೇಳಿದರು.

"ಬ್ಯಾರೇ ಯಾರದೋ ಇರಬೇಕ್ರಿ," ಎಂದು ಅಳಿಯ ಬಾಯಿ ಹಾಕಿದ.

"ನಿಮ್ಮದ ರಿ," ಎಂದರು ಮಾಸ್ತರರು.

"ಇದನ್ನ ತಿದ್ದಾಕ ಬರತೈತೇನ್ರಿ?"

"ಬರ್ತದ. ಈ ಪೆಟಗ್ಯಾಗಲ್ಲ."

"ಮತ್ತೆಲ್ಲೆ?"

"ನಿಮ್ಮ ಗಂಟಲದಾಗ. ನಾಳೆ ಮುಂಜಾನೆ ಒಂಬತ್ತಕ್ಕ ಬರ್ರಿ. ಒಬ್ರ ಬರ್ರಿ."

ಬರುವುದಿಲ್ಲ ಎಂದುಕೊಂಡೆ. ಬಂದರು. ಒಬ್ಬರೇ, ಮೋಟರ್ ಸೈಕಲ್ ಮೇಲೆ, ಅಂಗಿಯ ತೋಳು ಮಡಚಿಕೊಂಡು. ಒಂದು ವಾರ ಮಾಸ್ತರರು ಅವರನ್ನು ನೆಲಕ್ಕೆ ಕೂಡಿಸಿ ಎರಡೇ ಹಾಡು ಹಾಡಿಸಿದರು. ಶ್ರುತಿಯನ್ನು ಪೇಟಿಯ ಎರಡು ಮನೆಯಷ್ಟು ಇಳಿಸಿದರು. ತೊಡೆಯ ಮೇಲೆ ತಾಳ ಹಾಕಲು ಕಲಿಸಿದರು. ಏಳನೆಯ ದಿನ ತಮ್ಮ ತಬಲಾವನ್ನೂ ತಂದು, ತಿರಕಿಟ ಬರದ ಸಾದಾ ಠೇಕಾ ಹಿಡಿದು ಜೊತೆಗೆ ನುಡಿಸಿದರು, ನಾನು ಎರಡನ್ನೂ ರೆಕಾರ್ಡ್ ಮಾಡಿದೆ. ಹಾಡುಗಳು ಮಧುರವಾಗಿರಲಿಲ್ಲ. ಒಬ್ಬ ಮನುಷ್ಯ ಹಾಡುತ್ತಿದ್ದಾನೆ ಎಂದು ಮಾತ್ರ ತಿಳಿಯುತ್ತಿತ್ತು. ಉಳಿದ ಆರರಲ್ಲಿ ಮೊದಲನೆಯದು ಇದ್ದೇ ಇತ್ತು, ಐದನ್ನು ಅಳಿಯ ಆ ಸಿ.ಡಿ.ಗಳಿಂದಲೇ ಮತ್ತೆ ತಿದ್ದಿ ಜೀರುಂಡೆ ಮಾಡಿದ. ಕ್ಯಾಸೆಟ್ಟಿನ ಮೇಲೆ ಧ್ವನಿ ಸಂಯೋಜನೆ ಎಂದು ತನ್ನ ಹೆಸರು ಅಚ್ಚು ಹಾಕಿಸಿದ. ಬೇರೆ ಯಾರ ಹೆಸರೂ ಇರಲಿಲ್ಲ.

ಮದುವೆಗೆ ನಾನೂ ಹೋಗಿದ್ದೆ. ಊಟದ ಮಂಟಪದಲ್ಲಿ ಕ್ಯಾಸೆಟ್ ಹಾಕಿದ್ದರು. ನನ್ನ ಪಕ್ಕದಲ್ಲಿ ಕೂತ ಹಿರಿಯರು ಬಡಿಸಲು ಬಂದ ಗುತ್ತಿಗೆದಾರರಿಗೆ, "ಎಲ್ಲಾ ಛಲೋ ಹಾಡೀರಿ ಗೌಡ್ರ, ನಡುವಿನ ಎರಡು ಅಷ್ಟ ಸಪ್ಪಗ ಅದಾವು. ಅವನ್ನ ಯಾರು ಹಾಡ್ಯಾರ?" ಎಂದು ಕೇಳಿದರು.

ಗುತ್ತಿಗೆದಾರರು ಹೋಳಿಗೆಯ ಬುಟ್ಟಿಯನ್ನು ಹಿಡಿದುಕೊಂಡೇ ನಿಂತರು. "ಅವೆರಡ ನಾ ಹಾಡಿದ್ದು," ಎಂದರು. ಹಿರಿಯರು ಅದನ್ನು ಚೇಷ್ಟೆ ಎಂದು ತಿಳಿದು ನಕ್ಕರು. ಜನರ ಕಿವಿಯ ಮೇಲೆ ನನಗಿದ್ದ ಅಲ್ಪಸ್ವಲ್ಪ ಮರ್ಯಾದೆಯೂ ಅಂದು ಹೋಯಿತು.

ಅಳಿಯ ವರ್ಷದೊಳಗೆ ಸ್ಟುಡಿಯೊ ಬಿಟ್ಟು, ಸಂಗೀತದ ಸಾಫ್ಟ್‌ವೇರ್ ಕಲಿಸುವ ಕ್ಲಾಸು ತೆಗೆದ. ಮಾಸ್ತರರ ಹನ್ನೆರಡು ಬೋಲುಗಳನ್ನು ತನ್ನ ಸ್ವಂತ ಪದ್ಧತಿ ಎಂದು ಕರಪತ್ರದಲ್ಲಿ ಹಾಕಿಸಿದ್ದ, ಅದರಲ್ಲಿಯೂ ಎರಡನ್ನು ತಪ್ಪು ಬರೆದಿದ್ದ. ನಾನು ಆ ಕರಪತ್ರವನ್ನು ಮಾಸ್ತರರಿಗೆ ತೋರಿಸಿದಾಗ ಅವರು ಪೆನ್ನು ತೆಗೆದು ಎರಡೂ ತಪ್ಪು ತಿದ್ದಿ ನನಗೆ ವಾಪಸು ಕೊಟ್ಟರು. ಕ್ಲಾಸು ತುಂಬಿ ತುಳುಕುತ್ತಿತ್ತು. ಅಲ್ಲಿ ಕಲಿತವರು ಈಗ ಹುಬ್ಬಳ್ಳಿ ತುಂಬ ಇದ್ದಾರೆ, ಅವರ ಹಾಡುಗಳು ನಿಮ್ಮ ಕಿವಿಗೂ ಬಿದ್ದಿರುತ್ತವೆ.

ಮಾಸ್ತರರು ಇನ್ನೂ ನಾಲ್ಕು ವರ್ಷ ನಮ್ಮ ಸ್ಟುಡಿಯೊದಲ್ಲಿ ಕೀಬೋರ್ಡಿನ ಮುಂದೆ ಕೂತು ಕೆಲಸ ಮಾಡಿದರು. ಕ್ಯಾಸೆಟ್ಟಿನ ಕಾಲ ಮುಗಿದು ಸಾವಕಾರರು ಮಳಿಗೆಯನ್ನು ಮೊಬೈಲ್ ಅಂಗಡಿಯವರಿಗೆ ಬಿಟ್ಟುಕೊಟ್ಟಾಗ ಅವರು ಧಾರವಾಡದ ಮನೆಗೆ ಮರಳಿದರು. ಗುತ್ತಿಗೆದಾರರು ಗುರುವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಅವರ ಎದುರು ಹಾಡುತ್ತಾರೆಂದು ಕೇಳಿದೆ. ಒಮ್ಮೆ ನೋಡೋಣವೆಂದು ನಾನೂ ಹೋದೆ. ಪಡಸಾಲೆಯಲ್ಲಿ ಗುತ್ತಿಗೆದಾರರು ಕಣ್ಣು ಮುಚ್ಚಿ ಹಾಡುತ್ತಿದ್ದರು. ದನಿ ಹಿಂದಿನಂತೆಯೇ ಕೆಟ್ಟದಾಗಿತ್ತು. ಮಾಸ್ತರರಿಗೆ ಆಗ ಬೆರಳಾಡುತ್ತಿರಲಿಲ್ಲ, ಅಂಗೈಯಿಂದ ಮೊಣಕಾಲು ತಟ್ಟಿ ತಾಳ ಹಾಕುತ್ತ, ತಪ್ಪಿದಲ್ಲೆಲ್ಲ ಬೈಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಸದ್ದು ಮಾಡದೆ ಹೋಗಿ, ಬಾಗಿಲ ಪಕ್ಕ ಕೂತೆ.